ಲ್ಯಾಪ್‌ಟಾಪಿನ ಹಣೆ ಯಾವ ಕಡೆ?

ಪರದೆಯ ಮೇಲೆ ಎಲ್ಲರೂ ಕಾಣುತ್ತಿದ್ದರು, ರೂಪಾ ಒಬ್ಬಳನ್ನು ಬಿಟ್ಟು.

ಬೆಂಗಳೂರಿನಲ್ಲಿ ಕುಳಿತ ಸಾಹೇಬರು ಕಾಣುತ್ತಿದ್ದರು. ಪಕ್ಕದ ಚೌಕದಲ್ಲಿ ಕನ್ನಡಕದ ಮೇಡಂ ಕಾಣುತ್ತಿದ್ದರು. ಅವರ ಹಿಂದಿನ ಕಪಾಟು, ಕಪಾಟಿನ ಮೇಲಿಟ್ಟ ಹಸಿರು ಬಳ್ಳಿ ಕೂಡ ಚೆನ್ನಾಗಿ ಕಾಣುತ್ತಿತ್ತು. ಮೂರನೆಯ ಚೌಕ ಮಾತ್ರ ಕತ್ತಲು. ಆ ಕತ್ತಲೊಳಗಿಂದ ನಮ್ಮ ರೂಪಾ, ‘ಗುಡ್ ಮಾರ್ನಿಂಗ್ ಸರ್, ನನ್ನ ದನಿ ಕೇಳಿಸ್ತಾ ಇದೆಯಾ?’ ಎಂದು ಕೇಳುತ್ತಿದ್ದಳು.

‘ದನಿ ಕೇಳಿಸ್ತಿದೆ. ನೀವೇ ಇಲ್ವಲ್ಲ?’ ಎಂದರು ಸಾಹೇಬರು.

ಇದ್ದಳು ಕಣ್ರೀ! ನನ್ನ ಕಣ್ಣೆದುರೇ ಇದ್ದಳು. ಇಸ್ತ್ರಿ ಮಾಡಿದ ಚೂಡಿದಾರ, ಒಪ್ಪವಾಗಿ ಬಾಚಿದ ತಲೆ, ತುಟಿ ಒಣಗಿ ಬಿಳುಚಿಕೊಂಡ ಮುಖ. ಎಚ್‌.ಬಿ. ಹಳ್ಳಿಯ (ಹಗರಿಬೊಮ್ಮನಹಳ್ಳಿ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ) ನಮ್ಮ ಓಣಿಯಲ್ಲಿ, ಅವರ ಮನೆಯ ನಡುಮನೆಯಲ್ಲಿ, ಹೊಲಿಗೆ ಮಷಿನ್ನಿನ ಪಕ್ಕದ ಟೇಬಲ್ಲಿನ ಮುಂದೆ ಕೂತಿದ್ದಳು. ನಾನು ಗೋಡೆಗೆ ಒತ್ತಿಕೊಂಡು ಸ್ಟೂಲಿನ ಮೇಲಿದ್ದೆ. ಕ್ಯಾಮೆರಾದಲ್ಲಿ ನಾನು ಬಿದ್ದುಬಿಟ್ಟರೆ ಎಂಬ ಭಯ ನನಗೆ. ಕೂತವಳೇ ಬೀಳುತ್ತಿಲ್ಲ, ಇನ್ನು ನಾನೆಲ್ಲಿ ಬೀಳಲಿ?

ರೂಪಾ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯ ಗಾಳೆಮ್ಮನ ಮಗಳು. ಗಾಳೆಮ್ಮ ಬ್ಲೌಸ್ ಹೊಲಿಯುತ್ತಾಳೆ. ತಂಬ್ರಹಳ್ಳಿಯಿಂದಲೂ ಬಟ್ಟೆ ತಂದು ಕೊಟ್ಟು ಹೋಗುವವರಿದ್ದಾರೆ, ಅಷ್ಟು ಚಂದ ಅವಳ ಕೈ. ರೂಪಾ ಬಿ.ಎ. ಮಾಡಿದ್ದಾಳೆ, ಕನ್ನಡದಲ್ಲಿ. ‘ಕನ್ನಡ ತಗೊಂಡು ಏನ್ ಮಾಡ್ತೀಯವ್ವಾ?’ ಎಂದು ಕೇಳದವರು ಓಣಿಯಲ್ಲಿ ಯಾರೂ ಉಳಿದಿಲ್ಲ. ನಾನೂ ಕೇಳಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳಿಗೆ ಅಷ್ಟು ಸೊಕ್ಕು ಇದ್ದೇ ಇರುತ್ತದೆ.

ಈಗ ಅದೇ ಕನ್ನಡವನ್ನು ಹುಡುಕಿಕೊಂಡು ಒಂದು ಕೆಲಸ ಬಂದಿತ್ತು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ‘ಮುಂದುವರಿಸಿ’, ‘ರದ್ದುಮಾಡಿ’, ‘ದಯವಿಟ್ಟು ನಿರೀಕ್ಷಿಸಿ’ ಎಂದೆಲ್ಲ ಬರುತ್ತದಲ್ಲ? ಅವನ್ನು ಯಾರೋ ಒಬ್ಬರು ಕೂತು ಬರೆಯುತ್ತಾರಂತೆ. ನಿಮಗೆ ಗೊತ್ತಿತ್ತೇ? ನನಗಂತೂ ಗೊತ್ತಿರಲಿಲ್ಲ. ಅವು ಯಂತ್ರದೊಳಗೆ ತಾವೇ ಹುಟ್ಟುತ್ತವೆ ಎಂದುಕೊಂಡಿದ್ದೆ. ಬೆಂಗಳೂರಿನ ಒಂದು ಸಣ್ಣ ಕಂಪನಿ ಆ ಕೆಲಸ ಮಾಡಿಸುತ್ತದೆ. ಮನೆಯಲ್ಲೇ ಕೂತು ಮಾಡಬಹುದು. ರೂಪಾಳಿಗೆ ಬೇಕಾದದ್ದೂ ಅದೇ. ಇಲ್ಲದಿದ್ದರೆ ಹೊಸಪೇಟೆಯ ಬಟ್ಟೆ ಅಂಗಡಿಯ ಕೌಂಟರ್ ಕಾದಿತ್ತು. ದಿನಾ ಬಸ್ಸು, ದಿನಾ ನಿಂತ ಕಾಲ ಮೇಲೆ, ‘ಇನ್ನೂ ಸ್ವಲ್ಪ ಡಾರ್ಕ್ ಕಲರ್ ತೋರಿಸ್ರಿ’.

ಮೊದಲ ಸಲ ಸಂದರ್ಶನದ ನಡುವೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಉಳಿಯಿತು, ಇಂಟರ್ನೆಟ್ ಸತ್ತಿತು. ಹುಡುಗಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಪುಣ್ಯಕ್ಕೆ ಕಂಪನಿಯವರು ಇನ್ನೊಂದು ದಿನ ಕೊಟ್ಟರು. ಜೊತೆಗೊಂದು ಸಾಲು ಬರೆದಿದ್ದರು, ಮತ್ತೆ ಅವಕಾಶ ಕೊಡಲಾಗುವುದಿಲ್ಲ, ಅಭ್ಯರ್ಥಿ ವಿಡಿಯೋದಲ್ಲಿ ಕಾಣುವುದು ಕಡ್ಡಾಯ, ಮೊಬೈಲಿನಲ್ಲಿ ಲಿಂಕ್ ತೆರೆಯುವುದಿಲ್ಲ ಎಂದು. ಆ ಇನ್ನೊಂದು ದಿನ ಬಿದ್ದದ್ದು ಬನ್ನಿ ಹಬ್ಬದ ಮರುದಿನ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನನ್ನ ಪಾತ್ರ ಅಲ್ಲಿಂದ ಶುರುವಾಗುತ್ತದೆ.

ಹಬ್ಬಕ್ಕೆ ಕೆಲವು ದಿನ ಮೊದಲು ರೂಪಾ ಲ್ಯಾಪ್‌ಟಾಪ್ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಯಾವುದೋ ದೊಡ್ಡ ಆಫೀಸಿನಲ್ಲಿ ದುಡಿದು ಬಂದದ್ದು. ಹಿಂದೆಯೇ ಗಾಳೆಮ್ಮ, ಕೊರಳಲ್ಲಿ ಅಳತೆ ಟೇಪು. ಪರದೆಯ ಮೇಲೆ ಒಂದು ಸೂಚನೆ ಬಂದು ಕೂತಿತ್ತು: ‘ನಿಮ್ಮ ಆವೃತ್ತಿಗೆ ಇನ್ನು ಮುಂದೆ ಬೆಂಬಲ ಇರುವುದಿಲ್ಲ.’

‘ಬೆಂಬಲ ಇರಂಗಿಲ್ಲ ಅಂದ್ರ ಏನ್ರಿ ಟೀಚರ್? ಇಷ್ಟು ದಿನ ಯಾರು ನಮ್ಮ ಬೆಂಬಲಕ್ಕ ಇದ್ರು?’ ಎಂದಳು ಗಾಳೆಮ್ಮ. ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

‘ಹಳೇ ವರ್ಷನ್ ಅದು. ಹೊಸದು ಹಾಕ್ಕೊಳ್ಳಿ ಅಂತಿದೆ’ ಎಂದೆ.

‘ಹಳೇದಕ್ಕ ಏನಾಗೈತ್ರಿ? ಚಲೋ ನಡೀತಿತ್ತಲ್ಲ?’

ಈ ಪ್ರಶ್ನೆಗೆ ಲೋಕದಲ್ಲಿ ಯಾರ ಬಳಿಯೂ ಉತ್ತರವಿಲ್ಲ. ನಮ್ಮ ಮನೆಯವರು ಪೇಪರ್ ಸರಿಸಿ, ‘ಹೊಸದು ಬ್ಯಾಡ್ರಿ, ಸಂದರ್ಶನ ಮುಗೀಲಿ ಆಮ್ಯಾಲ ನೋಡೋಣ’ ಎಂದರು. (ಇವರು ಯಾವ ಅಪ್‌ಡೇಟನ್ನೂ ಹಾಕಿಕೊಳ್ಳದ ಮನುಷ್ಯ. ಮದುವೆಯಾದಾಗ ಯಾವ ವರ್ಷನ್ ಇದ್ದರೋ ಇವತ್ತಿಗೂ ಅದೇ.) ನಾನು ಕೇಳುತ್ತೇನೆಯೇ? ಓಣಿಯಲ್ಲಿ ಕಂಪ್ಯೂಟರ್ ಎಂದರೆ ನನ್ನ ಹೆಸರು. ಎಲ್ಲರಿಗಿಂತ ಮೊದಲು ಕೊಂಡವಳು ನಾನು ಎಂಬುದೊಂದೇ ಅದಕ್ಕೆ ಕಾರಣ, ಬೇರೆ ಏನೂ ಇಲ್ಲ. ‘ಬೆಂಬಲ ಇಲ್ಲದ ಯಂತ್ರದಲ್ಲಿ ಸಂದರ್ಶನ ಕೊಡೋದಾ?’ ಎಂದು ಹೇಳಿ ಹೊಸ ಆವೃತ್ತಿಯನ್ನು ಹಾಕಲು ಕೂತೇಬಿಟ್ಟೆ.

ಅದು ಇಳಿಯಿತು, ಏರಿತು, ತಾನೇ ಆರಿತು, ತಾನೇ ಹೊತ್ತಿತು. ‘ಬಹುತೇಕ ಮುಗಿಯಿತು’ ಎಂದು ತೋರಿಸಿಕೊಂಡೇ ಒಂದು ಮಧ್ಯಾಹ್ನ ಕಳೆಯಿತು. ಅಷ್ಟು ಹೊತ್ತೂ ಗಾಳೆಮ್ಮ, ‘ಕರೆಂಟ್ ಹೋಗದಿರ್ಲಿ ನಮ್ಮವ್ವಾ’ ಎಂದು ಗುಣುಗುತ್ತ ಕೂತಿದ್ದಳು. ಹೋಗಲಿಲ್ಲ. ಹೊಸ ಆವೃತ್ತಿ ಬಂತು. ಎಲ್ಲ ಬಟನ್ನುಗಳೂ ಇದ್ದ ಜಾಗ ಬಿಟ್ಟು ಬೇರೆ ಕಡೆ ಹೋಗಿ ಕೂತಿದ್ದವು. ಮುಖ ನೋಡಿ ಬಾಗಿಲು ತೆಗೆಯುವ ಸೌಲಭ್ಯವೂ ಇತ್ತು. ರೂಪಾಳ ಮುಖವನ್ನು ಅದಕ್ಕೆ ಪರಿಚಯ ಮಾಡಿಸಿದೆವು. ಕ್ಯಾಮೆರಾ ನೋಡಿದೆವು. ಹುಡುಗಿ ಲಕ್ಷಣವಾಗಿ ಕಂಡಳು. ನಾನು ಮನೆಯವರ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಆಗ ಪರದೆಯ ಮೂಲೆಯಲ್ಲಿ ಒಂದು ಚೌಕ ತಲೆ ಹಾಕಿತು. ‘ಮುಂದಿನ ಆವೃತ್ತಿಯಲ್ಲಿ ನೀವು ಏನನ್ನು ನೋಡಬಯಸುತ್ತೀರಿ? ನಮಗೆ ತಿಳಿಸಿ.’

ನೋಡಿ, ಇಂಥ ಪ್ರಶ್ನೆ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಈ ಆವೃತ್ತಿ ಇನ್ನೂ ಬಿಸಿ ಆರಿಲ್ಲ, ಆಗಲೇ ಮುಂದಿನದರ ಆಸೆ ಕೇಳುತ್ತಿದೆಯಲ್ಲ! ಆದರೂ ಯೋಚಿಸಿದೆ. ನಮಗೆ ಏನು ಬೇಕು ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಯಿತು? ಬಸ್ಸಿನವರು ಕೇಳಿಲ್ಲ, ನಲ್ಲಿ ನೀರು ಬಿಡುವವರು ಕೇಳಿಲ್ಲ. ಯಾವುದೋ ದೇಶದ ಕಂಪನಿ ನಮ್ಮ ಎಚ್‌.ಬಿ. ಹಳ್ಳಿಯ ಓಣಿಗೆ ಬಂದು ಕೇಳುತ್ತಿದೆ. ಬಿಡಬಹುದೇ?

ಸಿಕ್ಕವರನ್ನೆಲ್ಲ ಕೇಳಲು ಶುರು ಮಾಡಿದೆ.

ಬೀಜ ಗೊಬ್ಬರದ ಅಂಗಡಿಯವರು ಬಿಲ್ ಹೊಡೆಯುತ್ತಲೇ ಹೇಳಿದರು: ‘ಅಪ್‌ಡೇಟ್ ಹಾಕೋ ಮುಂಚೆ, ಈಗ ನಿಮಗ ಪುರುಸೊತ್ತು ಐತೇನ್ರಿ ಅಂತ ಒಂದ್ ಮಾತು ಕೇಳ್ಬೇಕ್ರಿ. ಅಂಗಡಿ ತುಂಬ ಮಂದಿ ನಿಂತಾಗ್ಲೇ ಇದಕ್ಕ ಜಳಕ ಮಾಡೋ ಮನಸಾಗ್ತೈತಿ.’ ಅವರ ಹಿಂದೆ ಪರದೆಯ ಮೇಲೆ ನೀಲಿ ಚಕ್ರ ಆಗಲೇ ತಿರುಗುತ್ತಿತ್ತು.

ಗುಡೇಕೋಟೆಯ ಶಾಲೆಯಲ್ಲಿರುವ ನನ್ನ ಗೆಳತಿ ಫೋನಿನಲ್ಲಿ ಬೇರೆಯೇ ರಾಗ ತೆಗೆದಳು. ‘ಇಂಟರ್ನೆಟ್ ಇಲ್ಲ ಇಂಟರ್ನೆಟ್ ಇಲ್ಲ ಅಂತ ಎಷ್ಟು ಸಲ ಹೇಳ್ತೈತಿ ನೋಡು! ಇಲ್ಲ ಅಂತ ನನಗೂ ಗೊತ್ತೈತಿ. ಇಲ್ಲದಾಗ ಏನ್ ಮಾಡಬಹುದು ಅದನ್ನ ಹೇಳು ಅನ್ನು.’

ಹರಪನಹಳ್ಳಿಯಲ್ಲಿರುವ ನಮ್ಮ ಅತ್ತಿಗೆ (ಅವರದು ದಾವಣಗೆರೆ ಕಡೆಯ ಮಾತು) ಮದುವೆ ಪತ್ರಿಕೆ ಮಾಡಿಕೊಡುತ್ತಾರೆ. ‘ಏನೂ ಬೇಡ. ಇಟ್ಟಿದ್ದು ಇಟ್ಟಲ್ಲೇ ಇರ್ಬೇಕು, ಅಷ್ಟೇ. ನನ್ನ ಅಡುಗೆಮನೆಗೆ ಬಂದು ಯಾರಾದ್ರೂ ಜೀರಿಗೆ ಡಬ್ಬಿ ಜಾಗ ಬದಲಾಯಿಸಿದ್ರೆ ನಾನು ಸುಮ್ನಿರ್ತೀನಾ? ಇವ್ರು ಮಾಡಿದ್ರೆ ಯಾಕೆ ಸುಮ್ನಿರ್ಬೇಕು?’ ಎಂದರು. ಆ ಕಡೆಯಿಂದ ಫೋನ್ ಇಟ್ಟ ಸದ್ದಿನಲ್ಲೂ ಸಿಟ್ಟಿತ್ತು.

ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಮಾತ್ರ ಬಹಳ ಹೊತ್ತು ಯೋಚಿಸಿ, ‘ಸ್ವಲ್ಪ ನಿಧಾನ ಇದ್ರೂ ನಡೀತೈತಿ, ನಾನೂ ನಿಧಾನನ. ಆದ್ರ ಏನೋ ತಪ್ಪಾದಾಗ ನನ್ನನ್ನ ಅಂಜಿಸಬಾರದು’ ಎಂದರು. ಇದು ನನಗೆ ಹಿಡಿಸಿತು. ಅಂಜಿಸಬಾರದು. ನಾವು ಕಂಪ್ಯೂಟರನ್ನು ಮೊದಲು ಕಂಡದ್ದೇ ಅಂಜಿಕೆಯಲ್ಲಿ. ನೆನಪಿದೆಯೇ? ಚಪ್ಪಲಿಯನ್ನು ಹೊರಗೆ ಬಿಟ್ಟು ಕಂಪ್ಯೂಟರ್ ರೂಮಿನೊಳಗೆ ಹೋಗುತ್ತಿದ್ದೆವು. ಗುಡಿಯಲ್ಲಾದರೂ ತೀರ್ಥ ಕೊಡುತ್ತಿದ್ದರು, ಅಲ್ಲಿ ‘ಮುಟ್ಟಬ್ಯಾಡ’ ಎಂಬ ಪ್ರಸಾದ ಮಾತ್ರ.

ಗಾಳೆಮ್ಮನನ್ನು ನಾನು ಕೇಳಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಅವಳು ಕಂಪ್ಯೂಟರ್ ಬಳಸುವುದಿಲ್ಲವಲ್ಲ ಎಂದುಕೊಂಡೆ.

ಆಯುಧ ಪೂಜೆ ಬಂತು. ಗಾಳೆಮ್ಮನ ಮನೆಯ ಆಯುಧ ಪೂಜೆಯನ್ನು ನೀವು ನೋಡಬೇಕು. ಹೊಲಿಗೆ ಮಷಿನ್ನಿಗೆ ಎಣ್ಣೆ ಕುಡಿಸಿ, ಒರೆಸಿ, ಹಡಗಲಿ ಮಲ್ಲಿಗೆಯ ಮಾಲೆ ಹಾಕುತ್ತಾಳೆ. ಕತ್ತರಿ, ಅಳತೆ ಟೇಪು, ಇಸ್ತ್ರಿ ಪೆಟ್ಟಿಗೆ, ಈಳಿಗೆ ಎಲ್ಲವೂ ಸಾಲಾಗಿ ಕೂರುತ್ತವೆ. ಈ ಸಲ ಸಾಲಿನ ಕೊನೆಗೆ ಹೊಸ ಸದಸ್ಯ, ಲ್ಯಾಪ್‌ಟಾಪ್. ‘ಅನ್ನ ಕೊಡೋದು ಅದನ ಅಲ್ಲೇನ್ರಿ ಇನ್ನ ಮ್ಯಾಲ?’ ಎಂದು ಅದನ್ನು ತೆರೆದು, ಮಣೆಯ ಮೇಲೆ ಕೂರಿಸಿದ್ದಳು. ನಾನು ಪೂಜೆ ನೋಡಲು ಹೋಗಿದ್ದೆ.

ಮಷಿನ್ನಿಗೆ ಬೊಟ್ಟಿಟ್ಟಳು. ಕತ್ತರಿಗಿಟ್ಟಳು. ಲ್ಯಾಪ್‌ಟಾಪಿನ ಮುಂದೆ ಬಂದು, ಗಂಧದಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ನಿಂತುಬಿಟ್ಟಳು.

‘ಟೀಚರ್, ಇದಕ್ಕ ಹಣಿ ಯಾವ ಕಡಿ ಬರ್ತೈತ್ರಿ?’

ಒಳ್ಳೆಯ ಪ್ರಶ್ನೆ. ಮಷಿನ್ನಿನ ಹಣೆ ಎಲ್ಲಿ ಎಂದು ಅವಳಿಗೆ ಗೊತ್ತು. ಬೈಕಿಗೆ, ಟ್ರ್ಯಾಕ್ಟರಿಗೆ ಹಣೆ ಎಲ್ಲಿ ಎಂದು ಊರಿಗೇ ಗೊತ್ತು. ಲ್ಯಾಪ್‌ಟಾಪಿಗೆ? ಕೀಲಿಮಣೆಗೆ ಇಟ್ಟರೆ ಅಕ್ಷರ ಮುಚ್ಚುತ್ತದೆ. ಪರದೆಗೆ ಇಟ್ಟರೆ ಕಲೆ. ನಾನು ಮುಂದೆ ಬಂದು, ಪಾಠ ಮಾಡುವ ಗತ್ತಿನಲ್ಲಿ, ಪರದೆಯ ಮೇಲಂಚಿನ ಕರಿ ಪಟ್ಟಿಯ ನಟ್ಟನಡುವೆ ತೋರಿಸಿದೆ.

‘ಇಲ್ಲಿ. ಸರಿಯಾಗಿ ನಡುಮಧ್ಯ.’

ಗಾಳೆಮ್ಮ ಅಲ್ಲೇ ಇಟ್ಟಳು. ದೊಡ್ಡದಾಗಿ, ದುಂಡಗೆ. ಮೇಲೆ ಒಂದು ಹೂವಿನ ಎಸಳನ್ನೂ ಅಂಟಿಸಿದಳು, ಅದು ಸ್ವಲ್ಪ ಹೊತ್ತಿಗೆ ಬಿತ್ತು. ಬಹಳ ಚಂದ ಕಾಣುತ್ತಿತ್ತು. ನಾನು ಫೋಟೋ ಕೂಡ ತೆಗೆದೆ.

ಪೂಜೆಗೆ ಕೂತ ಆಯುಧವನ್ನು ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮಾರನೆಯ ಸಂಜೆ ಓಣಿಯವರೆಲ್ಲ ಬನ್ನಿ ಕೊಟ್ಟು ತಗೊಂಡೆವು. ರೂಪಾ ನನ್ನ ಕೈಗೆ ಎಲೆ ಇಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಟೀಚರ್’ ಎಂದು ಕಾಲಿಗೆ ನಮಸ್ಕಾರ ಮಾಡಿದಳು. ‘ನಾಳೆ ಬಂಗಾರನೇ’ ಎಂದೆ.

ಇನ್ನು ನಾಳೆಗೆ ಬರೋಣ.

ಬೆಳಿಗ್ಗೆ ರೂಪಾ ಲ್ಯಾಪ್‌ಟಾಪ್ ತೆರೆದಳು. ಅದು ಅವಳನ್ನು ಹುಡುಕಿತು. ಹುಡುಕುತ್ತಲೇ ಇತ್ತು. ಕೊನೆಗೆ ಬರೆಯಿತು: ‘ನಿಮ್ಮನ್ನು ಗುರುತಿಸಲು ಸಾಧ್ಯವಾಗಲಿಲ್ಲ.’

‘ಗುರುತು ಹಿಡೀಲಿಲ್ಲ ಅಂದ್ರ?’ ಗಾಳೆಮ್ಮನಿಗೆ ಅವಮಾನವಾಯಿತು. ‘ಇದರ ಮುಂದ ಕುಂತು ಕುಂತು ಹುಡುಗಿ ಮಾರಿ ಬಾಡಿ ಹೋಗೈತಿ. ಇದಕ್ಕ ಗುರುತು ಸಿಗಲಿಲ್ಲಂತ!’

ಪಾಸ್‌ವರ್ಡ್ ಹಾಕಿ ಒಳಗೆ ಹೋದಳು. ಕ್ಯಾಮೆರಾ ಹಚ್ಚಿದಳು. ಕತ್ತಲು. ನನ್ನನ್ನು ಕರೆದಳು. ನಾನು ಕೈ ತೊಳೆದುಕೊಂಡು ಬಂದೆ.

ತಪ್ಪು ಯಾರದು? ಇನ್ನಾರದು, ಹೊಸ ಆವೃತ್ತಿಯದು! ನನಗೆ ಆ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆರಿಸಿ ಹಚ್ಚಿದೆ. ಸೆಟ್ಟಿಂಗ್ಸಿಗೆ ಹೋಗಿ, ಕ್ಯಾಮೆರಾಕ್ಕೆ ಅನುಮತಿ ಇದೆಯೇ ಎಂದು ನೋಡಿದೆ. ಇತ್ತು. ಅನುಮತಿ ತೆಗೆದು ಮತ್ತೆ ಕೊಟ್ಟೆ. ಕ್ಯಾಮೆರಾ ನಡೆಸುವ ಡ್ರೈವರ್ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ಯಂತ್ರ ಎಲ್ಲದಕ್ಕೂ ‘ಸಾಧನ ಸರಿಯಾಗಿ ಕಾರ್ಯ ನಿರ್ವಹಿಸುತ್ತಿದೆ’ ಎಂದು ಉತ್ತರ ಕೊಟ್ಟಿತು. ಸರಿಯಾಗಿದ್ದರೆ ಈ ಕತ್ತಲು ಏನು? ಬಾಗಿಲಲ್ಲಿ ನಿಂತ ನಮ್ಮ ಮನೆಯವರು ಏನೂ ಹೇಳಲಿಲ್ಲ. ಹೇಳದೆ ಇರುವುದನ್ನು ಅವರು ಬಹಳ ಜೋರಾಗಿ ಮಾಡುತ್ತಾರೆ.

ಹಳೆಯ ಆವೃತ್ತಿಗೆ ವಾಪಸ್ ಹೋಗೋಣವೇ ಎಂದುಕೊಂಡೆ. ಹೊತ್ತಿರಲಿಲ್ಲ. ಸಂದರ್ಶನದ ವೇಳೆಯಾಯಿತು. ರೂಪಾ ಲಿಂಕ್ ಒತ್ತಿದಳು. ಆಮೇಲೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ.

‘ನೋಡಿ, ಕ್ಯಾಂಡಿಡೇಟ್ ಕಾಣದೆ ನಾವು ಮುಂದುವರಿಸೋ ಹಾಗಿಲ್ಲ. ರೂಲ್ಸ್ ಇದೆ’ ಎಂದರು ಸಾಹೇಬರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವಿತ್ತು. ‘ಹೋದ ಸಲಾನೂ ನಿಮಗೆ ಪ್ರಾಬ್ಲಂ ಆಗಿತ್ತು ಅಲ್ವಾ?’

‘ಹೌದು ಸರ್. ಆವತ್ತು ಕರೆಂಟ್... ಇವತ್ತು ಹೊಸ ವರ್ಷನ್ ಹಾಕಿದ್ವಿ ಸರ್, ಅದರಿಂದ...’ ಮೇಜಿನ ಕೆಳಗೆ ರೂಪಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಹಾಕಿದ್ದು ಅವಳಲ್ಲ, ನಾನು. ಸಂದರ್ಶನ ಮುಗಿಯಲಿ ಎಂದ ಗಂಡನ ಮಾತನ್ನು ಜೀವನದಲ್ಲಿ ಒಮ್ಮೆಯಾದರೂ ಕೇಳಬಾರದಿತ್ತೇ?

ಸಾಹೇಬರು ಗಡಿಯಾರ ನೋಡಿದರು. ಅಷ್ಟರಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದ ಮೇಡಂ ಪರದೆಯ ಹತ್ತಿರ ಬಗ್ಗಿ ಆ ಕತ್ತಲನ್ನೇ ದಿಟ್ಟಿಸಿದರು.

‘ಪೂರ್ತಿ ಕಪ್ಪಿಲ್ಲ ಇದು. ಸ್ವಲ್ಪ ಕೆಂಪಿದೆ’ ಎಂದರು. ಆಮೇಲೆ ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. ‘ರೂಪಾ, ಮೊನ್ನೆ ಆಯುಧ ಪೂಜೆಗೆ ಲ್ಯಾಪ್‌ಟಾಪ್ ಇಟ್ಟಿದ್ರಾ?’

‘ಹ್ಞೂಂ ಮೇಡಂ.’

‘ಬೊಟ್ಟು ಎಲ್ಲಿ ಇಟ್ರಿ?’

ರೂಪಾ, ಅವಳ ಬೆನ್ನ ಹಿಂದೆ ನಿಂತಿದ್ದ ಗಾಳೆಮ್ಮ, ನಾನು, ಮೂವರೂ ಒಟ್ಟಿಗೆ ತಲೆ ಎತ್ತಿದೆವು.

ಅಲ್ಲೇ ಇತ್ತು! ದೊಡ್ಡದಾಗಿ, ದುಂಡಗೆ, ಒಣಗಿ ಗಟ್ಟಿಯಾಗಿ, ಸರಿಯಾಗಿ ನಡುಮಧ್ಯ, ಕ್ಯಾಮೆರಾದ ಪುಟ್ಟ ಕಣ್ಣಿನ ಮೇಲೆ. ಬೆಳಗಿನಿಂದ ಮೂರು ಜೊತೆ ಕಣ್ಣು ಅದನ್ನೇ ನೋಡುತ್ತಿದ್ದವು. ಒಬ್ಬರಿಗೂ ಕಂಡಿರಲಿಲ್ಲ. ನಂಬುತ್ತೀರಾ? ಆಮೇಲೆ ಯೋಚಿಸಿದೆ. ನಮ್ಮ ಕಡೆ ಹಣೆಯ ಮೇಲೆ ಬೊಟ್ಟಿದ್ದರೆ ಯಾರಿಗಾದರೂ ಕಾಣುತ್ತದೆಯೇ? ಇಲ್ಲದಿದ್ದರೆ ಮಾತ್ರ ಕಾಣುತ್ತದೆ. ‘ಯಾಕವ್ವಾ, ಹಣಿ ಖಾಲಿ ಐತಿ?’ ಎಂದು ಓಣಿಯ ತುದಿಯಿಂದ ಕೇಳುತ್ತಾರೆ.

‘ನಮ್ಮ ಆಫೀಸಲ್ಲೂ ಇವತ್ತು ಬೆಳಿಗ್ಗೆ ಇದೇ ಕಥೆ’ ಎಂದು ಮೇಡಂ ನಗತೊಡಗಿದರು. ‘ಒರೆಸಿ ಬಿಡಿ, ಸರಿಹೋಗುತ್ತೆ.’

ರೂಪಾ ದುಪಟ್ಟಾದ ತುದಿಯನ್ನು ಎತ್ತಿಕೊಂಡು ಕೈ ಚಾಚಿದಳು.

‘ಏಯ್! ಮುಟ್ಟಬ್ಯಾಡ!’

ಗಾಳೆಮ್ಮ. ಮಗಳ ಕೈಯನ್ನು ಗಬಕ್ಕನೆ ಹಿಡಿದಿದ್ದಳು.

‘ಯವ್ವಾ, ಬಿಡಬೇ. ಅವರು ಕಾಯಾಕತ್ಯಾರ.’

‘ಕಾಯಲಿ. ಹಣಿ ಮ್ಯಾಲಿನ ಕುಂಕುಮ ಹಂಗ ಒರಸ್ತಾರೇನಲೇ? ಅದೂ ಕೆಲಸಕ್ಕ ಹೊಂಟ ಹೊತ್ತಿನ್ಯಾಗ? ಹಬ್ಬದಾಗ ನಾನ ಕೈಯಾರೆ ಇಟ್ಟೀನಿ. ಬರಿ ಹಣಿ ಇಟ್ಕೊಂಡು ಒಂದ್ ಚಲೋ ಕೆಲಸಕ್ಕ ಕುಂದರ್ತಾರೇನು?’

‘ಅದು ಯಂತ್ರ ಗಾಳೆಮ್ಮ’ ಎಂದೆ ನಾನು.

‘ಮೊನ್ನಿ ಹಣಿ ಎಲ್ಲೈತಿ ಅಂತ ತೋರಿಸಿದಾಗ ಯಂತ್ರ ಇರಲಿಲ್ಲೇನ್ರಿ?’

ದನಿ ಎಲ್ಲವೂ ಬೆಂಗಳೂರಿಗೆ ಹೋಗುತ್ತಿದೆ ಎಂಬುದು ಆಗ ನೆನಪಾಯಿತು. ಆ ಕಡೆ ಸಾಹೇಬರು ಬಾಯಿ ತೆರೆದುಕೊಂಡು ಕೂತಿದ್ದರು. ಮೇಡಂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ರೂಪಾಳ ಕಣ್ಣಲ್ಲಿ ನೀರು ತುಂಬಿತ್ತು. ಅವ್ವನನ್ನು ನೂಕುವಂತಿಲ್ಲ, ಕೆಲಸವನ್ನು ಬಿಡುವಂತಿಲ್ಲ. ನನಗೆ ಗಾಳೆಮ್ಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಇದೇ ಊರಿನವಳು ತಾನೇ? ನನ್ನನ್ನೇ ಒರೆಸು ಎಂದಿದ್ದರೆ ನನ್ನ ಕೈಯೂ ಒಂದು ಕ್ಷಣ ಹಿಂದೆ ಬರುತ್ತಿತ್ತು.

ಗಾಳೆಮ್ಮ ಮಗಳ ಮುಖ ನೋಡಿದಳು. ಆಮೇಲೆ ಒಳಗೆ ಓಡಿದಳು. ಕುಂಕುಮದ ಬಟ್ಟಲು ಹಿಡಿದು ಬಂದಳು.

‘ತಡಿ. ಮೊದ್ಲು ಇನ್ನೊಂದ್ ಕಡಿ ಇಡ್ತೀನಿ. ಆಮ್ಯಾಲ ಇದನ್ನ ತೆಗೀವಂತಿ’ ಎಂದು ಪರದೆಯ ಕೆಳಗಿನ ಪಟ್ಟಿಯ ನಡುವೆ ಹೆಬ್ಬೆರಳು ಒತ್ತಿದಳು. ಹೊಸ ಬೊಟ್ಟು ಕೂತಿತು. ‘ಹಣಿ ಬಿಟ್ಟು ಗದ್ದಕ್ಕ ಕುಂಕುಮ ಇಡೋ ಕಾಲ ಬಂತಲ್ಲೋ ಸಿವನೇ’ ಎಂದು ಕೈ ಮುಗಿದು, ಮೇಲಿನ ಬೊಟ್ಟನ್ನು ತಾನೇ ಸೆರಗಿನಿಂದ ತೆಗೆದಳು.

ಕತ್ತಲು ಮೊದಲು ಕೆಂಪಾಯಿತು. ಆಮೇಲೆ ಮಸುಕಾದ ಗುಲಾಬಿ. ಆಮೇಲೆ ಎದುರು ಮನೆಯ ಕಿಟಕಿಯಲ್ಲಿ ಕಂಡಂತೆ ಒಂದು ಮುಖ. ಇನ್ನೊಂದು ಸಲ ಒರೆಸಿದಳು. ನಮ್ಮ ರೂಪಾ! ಕಣ್ಣೊರೆಸಿಕೊಳ್ಳುತ್ತ, ನಗುತ್ತ. ಅವಳ ಹೆಗಲ ಪಕ್ಕದಲ್ಲಿ ಕೆಂಪು ಹೆಬ್ಬೆರಳು ಎತ್ತಿ ಹಿಡಿದ ಗಾಳೆಮ್ಮ. ಮೂಲೆಯಲ್ಲಿ ಸ್ಟೂಲಿನ ಸಮೇತ ನಾನು. ಕ್ಯಾಮೆರಾದಲ್ಲಿ ನಾನು ಬೀಳುತ್ತಿದ್ದೆ, ಮೊದಲಿನಿಂದಲೂ!

‘ನಮಸ್ಕಾರ ಅಮ್ಮ’ ಎಂದರು ಮೇಡಂ. ಗಾಳೆಮ್ಮ ಸೆರಗು ಸರಿ ಮಾಡಿಕೊಂಡು, ‘ನಮಸ್ಕಾರ್ರಿ. ಉಂಡ್ರೇನ್ರಿ?’ ಎಂದು ಕೇಳಿ ಪಕ್ಕಕ್ಕೆ ಸರಿದಳು.

ಸಂದರ್ಶನ ನಡೆಯಿತು. ನಾನು ಹೊರಗೆ ಹೋಗಬೇಕಿತ್ತು. ಕುತೂಹಲ ಬಿಡಲಿಲ್ಲ, ಬಾಗಿಲ ಹಿಂದೆ ನಿಂತೆ. ಸಾಹೇಬರು ವ್ಯಾಕರಣ ಕೇಳಿದರು, ಅನುವಾದ ಕೇಳಿದರು. ಹುಡುಗಿ ಪಟಪಟ ಹೇಳಿದಳು. ಕೊನೆಯಲ್ಲಿ ಮೇಡಂ ಒಂದು ಪ್ರಶ್ನೆ ಇಟ್ಟರು.

‘ಇವತ್ತು ಬೆಳಿಗ್ಗೆ ನಿಮ್ಮ ಲ್ಯಾಪ್‌ಟಾಪ್ ಆನ್ ಮಾಡಿದಾಗ ಏನಾದ್ರೂ ಬರೆದಿತ್ತಾ?’

‘ನಿಮ್ಮನ್ನು ಗುರುತಿಸಲು ಸಾಧ್ಯವಾಗಲಿಲ್ಲ ಅಂತ ಮೇಡಂ.’

‘ಅದನ್ನ ಓದಿ ನಿಮಗೆ ಏನನ್ನಿಸ್ತು?’

‘ನನ್ನದೇ ಏನೋ ತಪ್ಪಾಗಿದೆ ಅನ್ನಿಸ್ತು.’

‘ನೀವಾಗಿದ್ರೆ ಏನು ಬರೀತಿದ್ರಿ? ಮುಂದಿನ ವರ್ಷನ್ನಿಗೆ ಅಂತ ಇಟ್ಕೊಳ್ಳಿ.’

‘ಕ್ಯಾಮೆರಾದ ಮುಂದೆ ಅಡಚಣೆ ಕಂಡುಬಂದಿದೆ. ದಯವಿಟ್ಟು ಪರಿಶೀಲಿಸಿ.’ ಪುಸ್ತಕದ ಕನ್ನಡ, ಒಂದು ತಪ್ಪಿಲ್ಲ. ಸಾಹೇಬರು ತಲೆಯಾಡಿಸಿದರು.

‘ಸರಿ ಇದೆ. ನಿಮ್ಮ ಅಮ್ಮ ಒಬ್ಬರೇ ಮನೇಲಿದ್ದಾಗ ಅದು ಬಂದ್ರೆ?’

ರೂಪಾ ಕತ್ತು ತಿರುಗಿಸಿ ಅವ್ವನನ್ನು ನೋಡಿದಳು. ಗಾಳೆಮ್ಮ ಮಷಿನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆ ಮುಖವನ್ನೇ ನೋಡುತ್ತ ರೂಪಾ ನಿಧಾನವಾಗಿ ಹೇಳಿದಳು:

‘ನನಗ ಕಣ್ಣು ಕಾಣವಲ್ದು. ಕಣ್ಣಿಗೆ ಏನೋ ಹತ್ತೈತಿ. ಒಂಚೂರು ಒರಸ್ರಿ.’

‘ಒರಸ್ರಿ ಅನಬ್ಯಾಡ!’ ಎಂದಳು ಗಾಳೆಮ್ಮ ಅಲ್ಲಿಂದಲೇ. ‘ಸರಸ್ರಿ ಅನ್ನು.’

ಮೇಡಂ ನಗಲಿಲ್ಲ. ಪೆನ್ನು ಎತ್ತಿಕೊಂಡು ಬರೆದುಕೊಂಡರು. ಬಾಗಿಲ ಹಿಂದೆ ನನಗೆ ನಮ್ಮ ಕನ್ನಡ ಮೇಷ್ಟ್ರು ನೆನಪಾದರು. ಅಂಜಿಸಬಾರದು ಎಂದಿದ್ದರಲ್ಲ, ಅದು ಹೇಗಿರುತ್ತದೆ ಎಂದು ಕೇಳಿದಂತಾಯಿತು.

ನಿಜ ಹೇಳಿ, ನಾವೆಲ್ಲ ಮುಂದಿನ ಆವೃತ್ತಿಯಿಂದ ಬಯಸುವುದಾದರೂ ಏನು? ಬೀಜದಂಗಡಿಯವರು, ಗುಡೇಕೋಟೆಯ ಗೆಳತಿ, ಹರಪನಹಳ್ಳಿಯ ಅತ್ತಿಗೆ ಯಾರೂ ಹೊಸ ಬಣ್ಣ ಕೇಳಲಿಲ್ಲ, ಹೊಳೆಯುವ ಕಿಟಕಿ ಕೇಳಲಿಲ್ಲ. ಮನೆಗೆ ಬಂದ ನೆಂಟ ಹೇಗಿರಬೇಕೋ ಹಾಗಿರು ಎಂದರು. ಹೊತ್ತು ನೋಡಿ ಬಾ, ಡಬ್ಬಿಯ ಜಾಗ ಬದಲಿಸಬೇಡ, ತೊಂದರೆಯಿದ್ದರೆ ಬಾಯಿ ಬಿಟ್ಟು ಹೇಳು. ಕಣ್ಣಿಗೆ ಏನೋ ಬಿದ್ದರೆ ಮನುಷ್ಯರು ‘ಕಣ್ಣಿಗೆ ಏನೋ ಬಿತ್ತು ನೋಡ್ರಿ’ ಎನ್ನುತ್ತಾರೆ. ಎದುರಿಗಿದ್ದವರಿಗೆ ‘ನೀನು ಯಾರೋ ಗೊತ್ತಿಲ್ಲ’ ಎನ್ನುವುದಿಲ್ಲ. ಇಷ್ಟು ಸಣ್ಣ ಮರ್ಯಾದೆಯನ್ನು ಕಲಿಸಲು ಎಷ್ಟು ಆವೃತ್ತಿ ಬೇಕು?

ಕೆಲವು ದಿನ ಏನೂ ಸುದ್ದಿ ಬರಲಿಲ್ಲ. ರೂಪಾ ನಮ್ಮ ಮನೆಯ ಮುಂದೆ ಹಾದುಹೋಗುವಾಗ ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಬಟ್ಟೆ ಅಂಗಡಿಯವರು ಫೋನ್ ಮಾಡಿದ್ದರು, ಇನ್ನೂ ಯಾರನ್ನೂ ತಗೊಂಡಿಲ್ಲ ಎಂದು. ಆ ಮಾತನ್ನು ಗಾಳೆಮ್ಮ ಒಳ್ಳೆಯ ಸುದ್ದಿಯ ಹಾಗೆ ಹೇಳಲು ಬಹಳ ಪ್ರಯತ್ನಪಟ್ಟಳು.

ಮೊನ್ನೆ ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಗಾಳೆಮ್ಮನ ಮಷಿನ್ನಿನ ಸದ್ದು ನಿಂತಿತ್ತು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ. ಮಿಂಚಂಚೆ ಬಂದಿತ್ತು. ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳಿನಿಂದ, ಇದೇ ನಡುಮನೆಯಲ್ಲಿ, ಇದೇ ಟೇಬಲ್ಲಿನಲ್ಲಿ. ರೂಪಾ ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ನಾನು ಬೀದಿಯಲ್ಲಿ ನಿಂತು ಗಳಗಳ ಅತ್ತುಬಿಟ್ಟೆ. ಹೌದು, ಅತ್ತೆ. ಅದರಲ್ಲಿ ನಾಚಿಕೆ ಏನು? ನನ್ನ ಬೆರಳು ತೋರಿಸಿದ ಜಾಗದಿಂದ ಆ ಹುಡುಗಿಯ ಕೆಲಸ ಹೋಗಿದ್ದರೆ ನಾನು ಯಾವ ಮುಖ ಹೊತ್ತು ಈ ಓಣಿಯಲ್ಲಿ ತಿರುಗಲಿ?

ಮಿರ್ಚಿ ತಿನ್ನುತ್ತ ಕೂತಾಗ ನೋಡಿದೆ. ಲ್ಯಾಪ್‌ಟಾಪಿನ ಕೆಳ ಪಟ್ಟಿಯಲ್ಲಿ ಹೊಸ ಬೊಟ್ಟು. ಪರದೆಯ ಮೂಲೆಯಲ್ಲಿ ಅದೇ ಹಳೆಯ ಚೌಕ ಮತ್ತೆ ತಲೆ ಹಾಕಿತ್ತು: ‘ಮುಂದಿನ ಆವೃತ್ತಿಯಲ್ಲಿ ನೀವು ಏನನ್ನು ನೋಡಬಯಸುತ್ತೀರಿ?’

ಊರನ್ನೆಲ್ಲ ಕೇಳಿ ಇವಳೊಬ್ಬಳನ್ನು ಬಿಟ್ಟಿದ್ದೆನಲ್ಲ? ಓದಿ ಹೇಳಿದೆ. ‘ನಿನಗೆ ಏನು ಬೇಕು ಗಾಳೆಮ್ಮ?’

‘ನನ್ನನ್ನ ಕೇಳಾಕತ್ಯಾರೇನ್ರಿ?’

‘ನಿನ್ನನ್ನೇ.’

ಅವಳು ತಟ್ಟೆ ಕೆಳಗಿಟ್ಟಳು. ಯೋಚಿಸಲೇ ಇಲ್ಲ. ಉತ್ತರ ಯಾವಾಗಲೋ ಸಿದ್ಧವಾಗಿತ್ತು, ಕೇಳುವವರು ಇರಲಿಲ್ಲ ಅಷ್ಟೇ.

‘ಆ ಕಣ್ಣನ್ನ ಕೆಳಗ ಗದ್ದಕ್ಕ ಇಡ್ರಿ ಅಂತ ಬರೀರಿ ಟೀಚರ್. ಹಣಿ ನಮಗ ಬಿಡ್ಲಿ.’

ಅಕ್ಷರ ಬಿಡದೆ ಬರೆದು ಕಳಿಸಿದ್ದೇನೆ. ಆ ಕಡೆ ಓದುವವರಿಗೆ ಹಣೆ ಎಂದರೆ ಏನೆಂದು ಗೊತ್ತಿರುತ್ತದೆಯೇ?